ಗೋಡೆಗೂ ದಾರಕ್ಕೂ ನಡುವೆ ಎರಡು ಬೆರಳು

ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕೆ ಸೇರುವ ಹೊಸಬರಿಗೆ ಒಂದು ಭ್ರಮೆ ಇರುತ್ತದೆ. ಗಿರಾಕಿ ಮೊಳೆ ಕೇಳುತ್ತಾನೆ, ನಾವು ಮೊಳೆ ಕೊಡುತ್ತೇವೆ, ಅಲ್ಲಿಗೆ ಮುಗಿಯಿತು ಎಂದು. ಅಷ್ಟೇ ಆಗಿದ್ದರೆ ನಾನು ಬೆಳಗಾವಿಯ ಖಡೇಬಜಾರಿನ ಹಿಂದಿನ ಗಲ್ಲಿಯಲ್ಲಿ ಮೂವತ್ತನಾಲ್ಕು ವರ್ಷ ಒಂದೇ ಕೌಂಟರಿನ ಹಿಂದೆ ನಿಲ್ಲುತ್ತಿರಲಿಲ್ಲ. ಜನ ಬರುವುದು ಮೊಳೆಗಲ್ಲ. ಮನೆಯಲ್ಲಿ ಏನೋ ಕೆಟ್ಟಿರುತ್ತದೆ. ಗೌಂಡಿಯನ್ನೋ ಬಡಿಗನನ್ನೋ ಕರೆಯುವ ಮೊದಲು ತಾವೇ ಒಂದು ಕೈ ನೋಡೋಣ ಎಂಬ ಆಸೆ ಇರುತ್ತದೆ. ಹೇಗೆ ಎಂಬುದು ಗೊತ್ತಿರುವುದಿಲ್ಲ. ಅದನ್ನು ನಮ್ಮ ಬಾಯಿಂದ ಕೇಳಿಕೊಂಡು, ನಂಬಿ, ಮನೆಗೆ ಹೋಗಿ ಗೋಡೆಗೆ ಉಳಿ ಇಡುತ್ತಾರೆ.

ನಂಬುತ್ತಾರೆ ಎನ್ನುವುದನ್ನು ನೆನಪಿಡಿ. ಸ್ಟೂಲಿನ ಮೇಲೆ ಕೂತಲ್ಲಿಂದ ಏಳದೆ, ಇಪ್ಪತ್ತೈದು ಕಿಲೋಮೀಟರ್ ದೂರದ ಖಾನಾಪುರದಲ್ಲಿ ಒಬ್ಬ ಹೆಣ್ಣುಮಗಳ ಮನೆಯ ಗೋಡೆಯನ್ನು ಇನ್ನೇನು ಕೆಡವಿಯೇ ಬಿಡುತ್ತಿದ್ದವನು ನಾನು. ಆ ಗೋಡೆ ಹೋಗಿದ್ದರೆ ಅವಳ ಮನೆಯೂ ಹೋಗುತ್ತಿತ್ತು, ದುಡಿಮೆಯೂ ಹೋಗುತ್ತಿತ್ತು. ಈ ಕೆಲಸಕ್ಕೆ ಬರುವವರಿಗೆ ಅದನ್ನು ಹೇಳದೆ ಉಳಿದದ್ದೆಲ್ಲ ಹೇಳಿದರೆ ನಾನು ಸುಳ್ಳುಗಾರನಾಗುತ್ತೇನೆ. ಆದರೆ ಅದಕ್ಕೆ ಬರುವ ಮೊದಲು, ನಾನು ಏನು ಕಲಿತಿದ್ದೆ, ಏನು ಕಲಿತಿರಲಿಲ್ಲ ಎಂಬುದು ನಿಮಗೆ ತಿಳಿಯಬೇಕು.

ನಾನು ಮಹಾದೇವ. ಗಿರಾಕಿಗಳಿಗೆ ಮೊದಲು ಮಾದೇವಣ್ಣ, ಕೂದಲು ಬೆಳ್ಳಗಾದ ಮೇಲೆ ಮಾದೇವ ಕಾಕಾ. ಅಂಗಡಿಗೆ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಮಾಲಕರು ಚನ್ನಬಸಪ್ಪನವರು. ಹಣೆಗೆ ವಿಭೂತಿ, ಕಿವಿಯ ಹಿಂದೆ ಪೆನ್ಸಿಲ್, ಬಾಯಲ್ಲಿ ಮಾತು ಕಡಿಮೆ. ಅಂಗಡಿಯ ಹಿಂದಿನ ಗೋಡೆಯ ತುಂಬ ಸಣ್ಣ ಸಣ್ಣ ಖಾನೆಗಳು, ಒಂದಕ್ಕೂ ಚೀಟಿ ಅಂಟಿಸಿರಲಿಲ್ಲ. ಗಿರಾಕಿ ಒಂದು ಸ್ಕ್ರೂ ತಂದು ಕೊಟ್ಟರೆ ಮಾಲಕರು ಅದರ ಮರೆಯ, ಎಂದರೆ ಸುರುಳಿ ಗೀರುಗಳ, ಮೇಲೆ ಹೆಬ್ಬೆರಳಿನ ಉಗುರು ಎಳೆಯುತ್ತಿದ್ದರು. ಅಷ್ಟೇ. ತಿರುಗಿ ನೋಡದೆ ಕೈ ಹಿಂದಕ್ಕೆ ಚಾಚಿ ಒಂದು ಖಾನೆಯಿಂದ ಜೋಡಿ ತೆಗೆದಿಡುತ್ತಿದ್ದರು. ಒಂದೂ ತಪ್ಪಿದ್ದು ನಾನು ಕಾಣಲಿಲ್ಲ. ಮೊದಲ ವಾರವೆಲ್ಲ ನಾನು ಕೆಲಸ ಬಿಟ್ಟು ಅವರ ಉಗುರನ್ನೇ ನೋಡುತ್ತ ನಿಂತಿದ್ದೆ, ಬೈಸಿಕೊಂಡೆ.

ಅವರದು ಒಂದು ಪದ್ಧತಿ ಇತ್ತು. ಕೆಟ್ಟ ವಸ್ತುವನ್ನು ಕಣ್ಣಾರೆ ನೋಡದೆ ಏನನ್ನೂ ಕೊಡುತ್ತಿರಲಿಲ್ಲ. ದೊಡ್ಡವರು ಬಂದರೂ ಅಷ್ಟೇ, ಬಡವರು ಬಂದರೂ ಅಷ್ಟೇ. "ಮೊದಲ ಮುರದದ್ದು ತಗೊಂಡ ಬರ್ರಿ, ಆಮ್ಯಾಲೆ ಮಾತಾಡೂಣು" ಎನ್ನುತ್ತಿದ್ದರು. ಜನ ಗೊಣಗಿಕೊಂಡು ಹೋಗಿ, ಮುರಿದ ಹಿಡಿಕೆ, ಸವೆದ ವಾಷರ್, ಒಮ್ಮೆಯಂತೂ ಇಡೀ ಬಾಗಿಲನ್ನೇ ಕೈಗಾಡಿಯ ಮೇಲೆ ಹೇರಿಕೊಂಡು ಬಂದರು.

ಆ ಪದ್ಧತಿ ಏಕೆಂದು ನನಗೆ ತಿಳಿದದ್ದು ಒಂದು ನಳದಿಂದ. ಮಾಲಕರು ಊಟಕ್ಕೆ ಹೋಗಿದ್ದರು. ಒಬ್ಬ ಕ್ಲಾರ್ಕ್ ಸಾಹೇಬರು ಬಂದು, "ಮುಕ್ಕಾಲ ಇಂಚಿನ ನಳ ಕೊಡಪಾ, ಪಟ್ಟಿ ಹಿಡದ ಅಳದ ಬಂದೀನಿ" ಎಂದರು. ಅಳತೆ ಮಾಡಿ ಬಂದಿದ್ದಾರಲ್ಲ ಎಂದು ಕೊಟ್ಟೆ. ಒಂದು ತಾಸಿಗೆ ತೊಯ್ದ ಅಂಗಿಯಲ್ಲಿ ಮರಳಿ ಬಂದರು. ಅಂಗಡಿಯ ಲೆಕ್ಕದಲ್ಲಿ ಅರ್ಧ ಇಂಚಿನ ಪೈಪು ಎಂದರೆ ಹೊರಗಿನ ಮೈ ಮುಕ್ಕಾಲು ಇಂಚಿಗಿಂತ ತುಸು ಹೆಚ್ಚೇ ಇರುತ್ತದೆ. ಪಟ್ಟಿ ಸುಳ್ಳು ಹೇಳಿರಲಿಲ್ಲ, ಹೆಸರು ಮಾತ್ರ ಬೇರೆ. ಹಳೆಯ ನಳ ಬಿಚ್ಚಿ ಹೊಸದು ಕೂರಿಸಲು ಹೋದರೆ ಅದು ಕೊಳವೆಯ ಸುತ್ತ ಗಡಗಡ ಆಡಿದೆ, ಅಷ್ಟರಲ್ಲಿ ಮೇಲಿನ ಟಾಕಿಯ ನೀರೆಲ್ಲ ಅಡುಗೆಮನೆಯಲ್ಲಿ. ಊಟ ಮುಗಿಸಿ ಬಂದಿದ್ದ ಮಾಲಕರು ನನಗೆ ಬೈಯಲಿಲ್ಲ. ಸಾಹೇಬರಿಗೆ ಒಂದು ಒಣ ಟವೆಲ್ ಕೊಟ್ಟು, ನನ್ನನ್ನು ನೋಡಿ, "ತಿಳೀತಿಲ್ಲೋ?" ಎಂದರು.

ಇಷ್ಟು ವರ್ಷಗಳಲ್ಲಿ ನನಗೆ ಸಿಕ್ಕ ಬಡ್ತಿಯೆಂದರೆ ಸ್ಟೂಲಿಗೆ ದಿಂಬು ಬಂದದ್ದು. ಅದನ್ನು ಬಿಡಿ. ನಾನು ಹೇಳಬೇಕಾದದ್ದು ಗಿರಾಕಿಗಳ ವಿಷಯ. ಅಬ್ಬಾ, ಎಂಥೆಂಥ ಕೈಗಳನ್ನು ನೋಡಿದೆ! ಶಹಾಪುರದಿಂದ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಒಬ್ಬ ಬಾಯಾರು ಬರುತ್ತಿದ್ದರು, ವಯಸ್ಸು ಎಪ್ಪತ್ತರ ಮೇಲೆ. "ಫ್ಯಾನ್ ತಿರಗೂದ ನಿಧಾನ ಆಗೇತಿ, ಕಂಡೆನ್ಸರ್ ಹೋಗಿರಬೇಕು, ಎರಡೂವರಿದ ಕೊಡು" ಎಂದು ಹಳೆಯದನ್ನು ಚೀಲದಿಂದ ತೆಗೆದಿಟ್ಟರು. ಬಿಚ್ಚಿದವರು ಯಾರು ಎಂದು ಕೇಳಿದೆ. "ಮತ್ತ್ಯಾರು? ನಾನ. ಮೇನ್ ಬಂದ ಮಾಡಿದೆ, ಯಾವ ವೈರ್ ಎಲ್ಲಿತ್ತಂತ ಚೀಟಿ ಬರದ ಅಂಟಿಸಿದೆ, ಮೇಜಿನ ಮ್ಯಾಲೆ ಕುರ್ಚಿ ಇಟ್ಟಿಲ್ಲ, ಏಣೀನ ತಂದೀನಿ. ಹಂಗ ನೋಡಬ್ಯಾಡ" ಎಂದರು. ನಾನು ಹಾಗೇ ನೋಡುತ್ತಿದ್ದೆ.

ಇನ್ನೊಬ್ಬರು ಜಾಂಬೋಟಿ ಕಡೆಯ ರೈತರು. ಬಾಗಿಲು ತಿರುಗಲೆಂದು ಚೌಕಟ್ಟಿಗೆ ಹಾಕುವ ಕಬ್ಬಿಣದ ಬಿಜಾಗರಿ ವರ್ಷಕ್ಕೊಮ್ಮೆ ಅಲ್ಲಿಯ ಥಂಡಿಗೆ ತುಕ್ಕು ಹಿಡಿದು ಮುರಿಯುತ್ತಿತ್ತು, ಮೂರು ಬೇಸಗೆ ಸತತವಾಗಿ ಬಂದು ಒಯ್ದರು. ನಾಲ್ಕನೆಯ ಸಲ ಬಂದಾಗ ಒಂದು ಅಗಲವಾದ ಉಳಿ ಮಾತ್ರ ಒಯ್ದರು. ಮರುವರ್ಷ ಅದೇ ಉಳಿಗೆ ಹಿಡಿಕೆ ಹಾಕಿಸಲು ಬಂದಾಗ ಕೇಳಿದೆ. ಕಬ್ಬಿಣವನ್ನೇ ಬಿಟ್ಟು, ಬಾಗಿಲ ಹಲಗೆಯಲ್ಲೇ ಮೇಲೆ ಕೆಳಗೆ ಕಟ್ಟಿಗೆಯ ಗೂಟ ಕೆತ್ತಿ, ಹೊಸ್ತಿಲ ಕುಳಿಯಲ್ಲಿ ತಿರುಗುವಂತೆ ಮಾಡಿಕೊಂಡಿದ್ದರಂತೆ. "ಸಪ್ಪಳಾನೂ ಇಲ್ರಿ, ತುಕ್ಕೂ ಇಲ್ರಿ" ಎಂದು ನಕ್ಕರು. ನಮ್ಮ ಒಂದು ಗಿರಾಕಿ ಹೋಯಿತು, ಆದರೂ ನನಗೆ ಅವತ್ತು ಊಟ ಹೆಚ್ಚು ಸೇರಿತು.

ಈಗ ನನ್ನ ಗುಟ್ಟು ಹೇಳಿಬಿಡುತ್ತೇನೆ. ಊರಿಗೆಲ್ಲ ರಿಪೇರಿ ಹೇಳಿಕೊಟ್ಟ ನಾನು ನನ್ನ ಮನೆಯಲ್ಲಿ ಒಂದು ದಿನವೂ ನಟ್ಟು ತಿರುಗಿಸುವ ಪಾನಾ ಹಿಡಿದವನಲ್ಲ. ನಳ ಸೋರಿದರೆ ನನ್ನ ಹೆಂಡತಿ ಕಸ್ತೂರಿ ವಾಷರ್ ಹಾಕುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಹಾಗೆ ತಿರುಗಿಸು, ಹೀಗೆ ತಿರುಗಿಸು ಎನ್ನುತ್ತಿದ್ದೆ. "ನಿಮ್ಮ ಬಾಯಿಗೆ ಇರೂ ಬುದ್ಧಿ ಕೈಗೆ ಇದ್ದಿದ್ದರ ಮನಿ ಅರಮನಿ ಆಗ್ತಿತ್ತು" ಎಂದು ಅವಳು ಹಂಗಿಸುತ್ತಿದ್ದಳು. ನಾನು ನಕ್ಕು ಬಿಡುತ್ತಿದ್ದೆ. ನನ್ನ ಜ್ಞಾನವೆಲ್ಲ ಬೇರೆಯವರ ಕೈಗಳಿಂದ ಕೇಳಿ ತಿಳಿದದ್ದು, ನನ್ನ ಬೆರಳಿಗೆ ಅದರಲ್ಲಿ ಏನೂ ಇಳಿದಿರಲಿಲ್ಲ.

ಕಾಲ ಬದಲಾಯಿತು. ನಾನು ಸೇರಿದಾಗ ಗೋಡೆಗೆ ಸ್ಕ್ರೂ ಕೂರಿಸಬೇಕಾದರೆ ಚಾಣದಿಂದ ತೂತು ಹೊಡೆದು, ಕಟ್ಟಿಗೆಯ ಬೆಣೆ ಜಡಿದು, ಅದಕ್ಕೆ ಸ್ಕ್ರೂ ಹಾಕಬೇಕಿತ್ತು. ಆಮೇಲೆ ಪ್ಲಾಸ್ಟಿಕ್ ಬೆಣೆ ಬಂತು, ಮನೆಮನೆಗೆ ಡ್ರಿಲ್ ಮಶೀನ್ ಬಂತು. ಕಬ್ಬಿಣದ ಪೈಪಿನ ಮರೆ ಕೊರೆಸಲು ಆಟೋ ನಗರದ ಲೇತಿನವರ ಹತ್ತಿರ ಓಡುತ್ತಿದ್ದೆವು. ಪ್ಲಾಸ್ಟಿಕ್ ಪೈಪು ಬಂದು ಅದನ್ನು ಅಂಟು ಹಚ್ಚಿ ಕೂಡಿಸುವುದು ಮಕ್ಕಳ ಆಟದಂತಾಯಿತು. ಕೊನೆಗೆ ಫೋನು ಬಂತು. ಜನ ಮುರಿದದ್ದನ್ನು ತರುವುದನ್ನು ಬಿಟ್ಟು ಅದರ ಫೋಟೋ ಕಳಿಸತೊಡಗಿದರು. ಮಾಲಕರಿಗೆ ಆಗ ಎಂಬತ್ತು ಸಮೀಪಿಸಿತ್ತು. ಅವರಿಗೆ ಅದು ಸರಿಬರಲಿಲ್ಲ. ನನಗೆ ಬಹಳ ಸೇರಿತು. ಕೂತಲ್ಲಿಯೇ ಊರ ಮನೆಗಳೆಲ್ಲ ಅಂಗೈಯಲ್ಲಿ ಕಾಣುತ್ತಿದ್ದವು. ನಾನು ಡಾಕ್ಟರನಂತೆ ಉತ್ತರ ಬರೆಯುತ್ತಿದ್ದೆ.

ಒಂದು ಮೇ ತಿಂಗಳಲ್ಲಿ ಖಾನಾಪುರದಿಂದ ಹಾಗೊಂದು ಫೋಟೋ ಬಂತು. ಕಳಿಸಿದವಳು ಸುನಂದಾ. ಮನೆಮಾತು ಮರಾಠಿ, ಕನ್ನಡವೂ ಅಷ್ಟೇ ಸಲೀಸು. ನಲವತ್ತರ ಆಸುಪಾಸಿನ ಹೆಂಗಸು, ಮನೆಯ ಮುಂದಿನ ಕೋಣೆಯಲ್ಲಿ ನಾಲ್ಕು ಹೊಲಿಗೆ ಯಂತ್ರ ಇಟ್ಟು, ಇಬ್ಬರು ಹೆಂಗಸರಿಗೆ ಕೆಲಸ ಕೊಟ್ಟು, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಗಂಡ ಗೋವಾಕ್ಕೆ ಹೋಗುವ ಟೆಂಪೋ ಓಡಿಸುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮಶೀನಿನ ಬೆಲ್ಟು, ಎಣ್ಣೆ, ಸ್ಕ್ರೂ ಎಂದು ನಮ್ಮಲ್ಲಿಗೆ ಬಂದು ಬಂದು ಪರಿಚಯವಾಗಿದ್ದಳು. ಫೋಟೋದಲ್ಲಿ ಆ ಮುಂದಿನ ಕೋಣೆಯ ಗೋಡೆ. ಸುಣ್ಣ ಬಳಿದದ್ದು, ಬುಡದಲ್ಲಿ ಮೊಣಕಾಲೆತ್ತರ ಹಸಿಯ ಕಲೆ, ಪದರು ಪದರು ಎದ್ದಿತ್ತು.

"ಕಾಕಾ, ಇದನ್ನ ವರ್ಷಾ ವರ್ಷಾ ಬಳದ ಬಳದ ನನ್ನ ಕೈ ಬಿದ್ದ ಹೋಗ್ಯಾವು. ಒಮ್ಮೆ ಮಾಡಿದ್ರ ಮತ್ತ ಮುಟ್ಟಬಾರದು, ಹಂಗ ಏನರ ಹೇಳ್ರಿ" ಎಂದಳು.

"ಅಷ್ಟ ಅಲ್ಲೇನವಾ? ಒಳಗ ಹೊರಗ ಎರಡೂ ಕಡೆ ಸಿಮೆಂಟ್ ಗಿಲಾವ ಮಾಡು. ಅದರಾಗ ನೀರ ತಡಿಯೂ ಔಷಧಿ ಕಲಸು. ಮ್ಯಾಲೆ ಪುಟ್ಟಿ ಎಳಿ. ಹತ್ತ ವರ್ಷ ನೋಡಬ್ಯಾಡ" ಎಂದೆ. ಗೋಡೆ ಯಾವುದರದ್ದು ಎಂದು ಕೇಳಲೇ ಇಲ್ಲ. ಖಾನಾಪುರ ಎಂದರೆ ಕೆಂಪು ಕಲ್ಲು, ಇಟ್ಟಂಗಿ ಎಂದು ನನ್ನ ತಲೆ ತಾನೇ ತೀರ್ಮಾನಿಸಿತ್ತು.

ಅವಳು ಗೌಂಡಿಯನ್ನು ಕರೆಯಲಿಲ್ಲ. ನಮ್ಮಲ್ಲಿಂದ ಕರಣಿ ಒಯ್ದು, ವಿಡಿಯೋ ನೋಡಿ ನೋಡಿ, ಹದಿನೈದು ದಿನದಲ್ಲಿ ಇಡೀ ಗೋಡೆಗೆ ತಾನೇ ಗಿಲಾವು ಮಾಡಿದಳು. ಮುಗಿದ ಮೇಲಿನ ಫೋಟೋ ಬಂತು ನೋಡಿ, ನುಣುಪೆಂದರೆ ನುಣುಪು! ಹೊಲಿಗೆಯವಳ ಕೈಯಲ್ಲವೇ, ಒಂದು ಮಡಿಕೆ ಕೂಡ ಇಲ್ಲ. ನಾನು ಬಂದ ಬಂದ ಗಿರಾಕಿಗೆಲ್ಲ ಆ ಫೋಟೋ ತೋರಿಸಿ ಮೆರೆದೆ.

ಜುಲೈಯಲ್ಲಿ ಫೋನ್ ಬಂತು. "ಕಾಕಾ, ಗ್ವಾಡಿ ಬೆವರಾಕತ್ತೈತಿ."

"ಪುಟ್ಟಿ ತಳ್ಳಗ ಆಗಿರಬೇಕು. ಮಳಿ ಬಿಟ್ಟಾಗ ಇನ್ನೊಂದ ಕೈ ಎಳಿ" ಎಂದೆ. ಅಯ್ಯೋ ಶಿವನೇ, ಮೊದಲ ತಪ್ಪಿನ ಮೇಲೆ ಎರಡನೆಯದನ್ನೂ ಬಳಿಸಿದೆ. ಎಂಟು ದಿನಕ್ಕೆ ಮತ್ತೆ ಫೋನ್.

"ಅಹೋ ಕಾಕಾ, ಗ್ವಾಡಿಗೆ ಹೊಟ್ಟಿ ಬಂದೈತಿ. ಒಳಗಿನ ಬಾಜೂಕ ಉಬ್ಬೈತಿ."

ಆಗ ಕೇಳಿದೆ, "ಒಳಗ ಏನೈತೆವಾ? ಕಲ್ಲೋ, ಇಟ್ಟಂಗಿಯೋ?"

"ಮಣ್ಣರೀ. ನಮ್ಮ ಮಾವನವರ ಅಜ್ಜ ತುಳದು ಕಟ್ಟಿದ್ದು. ಯಾಕ್ರಿ?"

ನಾನು ಫೋನ್ ಕೆಳಗಿಟ್ಟು ಕೂತುಬಿಟ್ಟೆ. ಮಾಲಕರು ಕೇಳಿದರು, ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಮೇಲೆ ಕೂಗಿದ್ದು ಅದೇ ಮೊದಲು.

"ಮಣ್ಣಿನ ಗ್ವಾಡಿ ಉಸರಾಡತೈತೋ ಮಾರಾಯಾ! ನೆಲದಾಗಿನ ಥಂಡಿ ಕುಡೀತೈತಿ, ಗಾಳಿಗೆ ಬಿಡತೈತಿ. ನೀ ಅದಕ್ಕ ಎರಡೂ ಕಡೆ ರೇನ್‌ಕೋಟ್ ಹಾಕಿ, ಒಳಗ ನೀರ ತುಂಬಿಸಿದಿ. ಈಗ ಬುಡ ಅಂಬಲಿ ಆಗಿರತೈತಿ. ಇಲ್ಲೆ ಕುಂತ ಏನ ಮಾಡ್ತಿ? ಹೋಗು!"

ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಳೆ. ಗಿರಾಕಿಯ ಮನೆಯನ್ನು ನೋಡಲೆಂದು ನಾನು ಅಂಗಡಿ ಬಿಟ್ಟು ಹೊರಟದ್ದು ಅದೇ ಮೊದಲ ಸಲ ಎಂಬುದು ಬಸ್ಸಿನಲ್ಲಿ ಹೊಳೆದು ನಾಚಿಕೆಯಾಯಿತು. ಮನೆ ಬಿದ್ದಿರುತ್ತದೆ, ಕೆಳಗೆ ಯಾರಾದರೂ ಇರುತ್ತಾರೆ ಎಂದು ಏನೇನೋ ಕಣ್ಣಿಗೆ ಬಂತು. ಖಾನಾಪುರದಲ್ಲಿ ಇಳಿದು ಹತ್ತು ನಿಮಿಷದ ದಾರಿಯನ್ನು ಓಡುತ್ತಲೇ ಹೋದೆ.

ಮನೆ ನಿಂತಿತ್ತು. ಒಳಗೆ ಕಾಲಿಟ್ಟವನು ಬಾಯಿ ತೆರೆದುಕೊಂಡು ನಿಂತೆ. ನಾಲ್ಕೂ ಯಂತ್ರಗಳು ಹಿಂದಿನ ಕೋಣೆಗೆ ಹೋಗಿದ್ದವು, ಅಲ್ಲಿ ಆ ಇಬ್ಬರು ಹೆಂಗಸರು ಹೊಲಿಯುತ್ತಲೇ ಇದ್ದರು. ಮುಂದಿನ ಕೋಣೆಯಲ್ಲಿ ಹಂಚಿನ ಭಾರ ಹೊರುವ ತೊಲೆಯ ಕೆಳಗೆ ಎರಡು ಕಂಬ ಕೊಟ್ಟಾಗಿತ್ತು. ಬಟ್ಟೆ ಕತ್ತರಿಸುವ ಮೇಜಿನ ಹಲಗೆಯನ್ನು ಬಿಚ್ಚಿ ಗೋಡೆಯ ಉಬ್ಬಿಗೆ ಒತ್ತಿ, ಅದಕ್ಕೆ ಓರೆಯಾಗಿ ಎರಡು ಬೊಂಬು ಹಚ್ಚಿ, ಬುಡದಲ್ಲಿ ಬೆಣೆ ಜಡಿದಿದ್ದಳು. ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ನಾನು ಹೇಳಿದ್ದರೂ ಇಷ್ಟು ಸರಿಯಾಗಿ ಹೇಳುತ್ತಿರಲಿಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದು ಇತ್ತು. ತೊಲೆಯಿಂದ ಒಂದು ಹೊಲಿಗೆ ದಾರ ಇಳಿಬಿಟ್ಟು, ಅದರ ತುದಿಗೆ ಭಾರಕ್ಕೆಂದು ಮಶೀನಿನ ಬಾಬಿನ್ ಕೇಸ್ ಕಟ್ಟಿದ್ದಳು. ದಾರ ನೆಟ್ಟಗೆ ತೂಗುತ್ತಿತ್ತು. ಮೇಲೆ ಗೋಡೆಗೂ ದಾರಕ್ಕೂ ನಾಲ್ಕು ಬೆರಳಿನ ಅಂತರ. ಕೆಳಗೆ, ಹಲಗೆಯ ಪಕ್ಕದಲ್ಲಿ ಹೊಟ್ಟೆ ಬಂದ ಕಡೆ, ಎರಡೇ ಬೆರಳು. ಆ ಜಾಗಕ್ಕೆ ದರ್ಜಿಯ ಸೀಮೆಸುಣ್ಣದಿಂದ ಒಂದು ಗುರುತು.

"ದಿನಾ ಮುಂಜಾನೆ ನೋಡ್ತೀನ್ರಿ. ಗ್ವಾಡಿ ದಾರ ಮುಟ್ಟಿದ ದಿವಸ ನಾವು ಸಾಮಾನ ಕಟಗೊಂಡ ಹೊರಗ. ಅಲ್ಲೀ ತನಕಾ ಇದನ್ನ ಬಿಡೂದಿಲ್ಲ" ಎಂದಳು.

"ತಪ್ಪು ನಂದವಾ. ಕೇಳದನ ಹೇಳಿದೆ. ನಿನ್ನ ಮನೀನ..." ಎಂದೆ.

ಅವಳು ನನ್ನನ್ನು ನೇರ ನೋಡಿದಳು. "ನನಗ ಸಿಟ್ಟ ಬಂದಿಲ್ಲ ಅಂತ ತಿಳೀಬ್ಯಾಡ್ರಿ ಕಾಕಾ. ಭಾಳ ಬಂದೈತಿ. ಆದ್ರ ಈಗ ಅದಕ್ಕ ಪುರಸೊತ್ತಿಲ್ಲ. ಚಪ್ಪಲ್ ಬಿಡ್ರಿ, ಆ ಬೊಂಬು ಹಿಡೀರಿ."

ಹಿಡಿದೆ. ಅವಳು ಚಾಣ ಮತ್ತು ಸುತ್ತಿಗೆ ತೆಗೆದುಕೊಂಡು, ತಾನೇ ಕನ್ನಡಿಯಂತೆ ಮಾಡಿದ್ದ ಗಿಲಾವನ್ನು ಬುಡದಿಂದ ಒಡೆಯತೊಡಗಿದಳು. ಜೋರಾಗಿ ಅಲ್ಲ, ಟುಕ್ ಟುಕ್ ಎಂದು, ಹೊಲಿಗೆ ಬಿಚ್ಚುವವರ ಹಾಗೆ. ಸಿಮೆಂಟಿನ ಒಂದು ಚಕ್ಕೆ ಬಿತ್ತು. ಅದರ ಬೆನ್ನು ನೀರಲ್ಲಿ ಅದ್ದಿ ತೆಗೆದಂತೆ ತೊಯ್ದಿತ್ತು. ಒಳಗಿನ ಮಣ್ಣಿಗೆ ಬೆರಳು ಇಟ್ಟರೆ ಎರಡನೆಯ ಗೆಣ್ಣಿನವರೆಗೆ ಇಳಿಯಿತು. ಅವತ್ತು ಒಂದು ಮೊಳ ಅಗಲ ಮಾತ್ರ ಒಡೆದು ನಿಲ್ಲಿಸಿದಳು. "ಒಮ್ಮೆಲೇ ಬಿಚ್ಚಿದ್ರ ಕುಂತಬಿಡತೈತಿ. ಮೈಗೆ ಅಂಟಿದ ಹಸಿ ಅಂಗಿ ಬಿಚ್ಚಿದಂಗ ಸಾವಕಾಶ ಬಿಚ್ಚಬೇಕು" ಎಂದಳು. ಆಮೇಲೆ ಒಡೆದ ಕಡೆಗೆ ಎರಡು ಟೇಬಲ್ ಫ್ಯಾನ್ ತಿರುಗಿಸಿಟ್ಟಳು. ನಾನು ಹೊರಗೆ ಛತ್ರಿ ಕುತ್ತಿಗೆಗೆ ಸಿಕ್ಕಿಸಿಕೊಂಡು, ಸೂರಿನ ನೀರು ಬುಡಕ್ಕೆ ಬೀಳದೆ ಆಚೆ ಹರಿಯುವಂತೆ ಕಾಲುವೆ ತೋಡಿದೆ. ಗುದ್ದಲಿ ಮಾರಿದ್ದೆ, ಹಿಡಿದದ್ದು ಅಂದೇ. ಅಂಗೈ ತುಂಬ ಗುಳ್ಳೆ ಎದ್ದವು.

ಮರುದಿನದಿಂದ ಮುಂಜಾನೆ ಏಳೂವರೆಗೆ ಫೋನ್ ಬರುತ್ತಿತ್ತು. ಅವಳು ಬೇರೇನೂ ಹೇಳುತ್ತಿರಲಿಲ್ಲ. "ಕಾಕಾ, ಎರಡ." ಮರುದಿನವೂ "ಎರಡ." ಮೂರನೆಯ ದಿನ "ಒಂದೂವರಿ." ಅಂದು ನಾನು ಚಹಾ ಕುಡಿಯಲಿಲ್ಲ. ಆ ವಾರ ಮಳೆ ಎಂಥದು ಸುರಿಯಿತೆಂದರೆ ಖಾನಾಪುರದ ಬಸ್ಸುಗಳು ನಡುನಡುವೆ ನಿಂತವು. "ಕಾಕಾ, ಒಂದ" ಎಂದಳು, ದನಿ ಸಣ್ಣದಾಗಿತ್ತು. ಅಂಗಡಿಗೆ ಹೋದ ಕೂಡಲೇ ಮಾಲಕರು "ಏನಂತ ಗ್ವಾಡಿ?" ಎಂದು ಕೇಳುತ್ತಿದ್ದರು. ಶಹಾಪುರದ ಬಾಯಾರು ಕೂಡ ಏನೂ ಕೊಳ್ಳುವುದಿಲ್ಲದಿದ್ದರೂ ಬಂದು ಕೇಳಿ ಹೋಗುತ್ತಿದ್ದರು. ಮನೆಯಲ್ಲಿ ಕಸ್ತೂರಿ ಫೋನನ್ನು ತಾನೇ ಎತ್ತಿ ಕೇಳಿ, ನನಗೆ ಒಂದು ಬೆರಳು ತೋರಿಸುತ್ತಿದ್ದಳು.

"ಒಂದ." "ಒಂದ." "ಒಂದ." ಹನ್ನೊಂದು ದಿನ ಒಂದೇ ಬೆರಳಿನ ಮೇಲೆ ಆ ಮನೆ ನಿಂತಿತ್ತು. ಆಮೇಲೂ ಗೋಡೆ ಮುಂದೆ ಸರಿಯಲಿಲ್ಲ. ನಡುವೆ ಎರಡು ಸಲ ಹೋಗಿ ಬಂದೆ. ಅವಳು ದಿನಕ್ಕೊಂದು ಮೊಳ ಬಿಚ್ಚುತ್ತಲೇ ಇದ್ದಳು. ಗಣಪತಿ ಹಬ್ಬದ ಹೊತ್ತಿಗೆ ಒಳಗಿನ ಮೈ ಪೂರ್ತಿ ಬೆತ್ತಲೆಯಾಯಿತು, ಮಳೆ ಹೊಳವಾಗುತ್ತ ಬಂದ ಹಾಗೆ ಹೊರಗಿನದನ್ನೂ ಬಿಚ್ಚಿದಳು. ಮೊದಲು ಬಿಚ್ಚಿದ ಕಡೆ ಬೆರಳಿಟ್ಟರೆ ಬೆರಳು ಇಳಿಯಲಿಲ್ಲ. ಮಣ್ಣು ಮತ್ತೆ ಮಣ್ಣಿನಂತೆ ಗಟ್ಟಿಯಾಗಿತ್ತು. ಅದನ್ನು ನಂಬಲಾಗದೆ ನಾನು ನಾಲ್ಕು ಸಲ ಒತ್ತಿ ನೋಡಿದೆ.

ದೀಪಾವಳಿಯ ನಂತರ ಪೂರ್ತಿ ಬಿಸಿಲು ಬಿದ್ದ ಮೇಲೆ ಕೊಳೆತ ಬುಡವನ್ನು ತೆಗೆಯುವ ಕೆಲಸ. ಇಲ್ಲಿ ಮಾಲಕರ ಮಾತು ಬೇಕಾಯಿತು. "ಒಂದ ಮೊಳ ತಗೀರಿ, ಎರಡ ಮೊಳ ಬಿಡ್ರಿ. ತಗದ ಕಡೆ ಕೆಂಪ ಕಲ್ಲ ಕುಂದರಸ್ರಿ, ಅದ ಗಟ್ಟಿ ಆದ ಮ್ಯಾಲೆ ಬಾಜೂದು" ಎಂದು ಹೇಳಿಕಳಿಸಿದ್ದರು. ಸುನಂದಾ ಹಾಗೆಯೇ ಮಾಡಿದಳು. ರವಿವಾರ ಗಂಡನೂ ಕಲ್ಲು ಹೊತ್ತುಕೊಟ್ಟ, ನಾನೂ ಹೊತ್ತೆ. ಹಲಗೆ, ಬೊಂಬುಗಳನ್ನು ಸರಿಸಿ ಸರಿಸಿ ಕೊಡುತ್ತ, ಉಬ್ಬಿದ ಭಾಗವನ್ನು ಕೆರೆದು ತೆಗೆದು ಮಣ್ಣಿನ ಉಂಡೆಗಳಿಂದ ಮತ್ತೆ ಕಟ್ಟಿದಳು.

ಆಮೇಲೆ ಮೆತ್ತುವ ಮಣ್ಣು. ಇದಕ್ಕೆ ಬೇಕಾದ ಯಾವುದೂ ನಮ್ಮ ಅಂಗಡಿಯ ಒಂದು ಖಾನೆಯಲ್ಲೂ ಇರಲಿಲ್ಲ. ಹುತ್ತದ ಮಣ್ಣು, ಉಸುಕು, ಸಣ್ಣಗೆ ಕತ್ತರಿಸಿದ ಭತ್ತದ ಹುಲ್ಲು, ಸಗಣಿ. ನೀರು ಹಾಕಿ ತುಳಿದು, ಹತ್ತು ದಿನ ಕೊಳೆಯಲು ಬಿಟ್ಟಳು. "ನಮ್ಮ ಅತ್ತಿ ಮಾಡ್ತಿದ್ರು. ನಾ ಬಾಜೂಕ ನಿಂತ ಮೂಗ ಮುಚಗೋತಿದ್ದೆ. ನೋಡ್ರಿ, ಕಾಲಿಗೆ ಎಲ್ಲಾ ನೆನಪ ಐತಿ" ಎಂದು ತುಳಿಯುತ್ತಲೇ ಹೇಳಿದಳು. ನನ್ನನ್ನೂ ಪ್ಯಾಂಟು ಮಡಚಿಸಿ ಇಳಿಸಿದಳು. ಆ ವಾಸನೆ! ಎರಡು ದಿನ ಕಸ್ತೂರಿ ನನ್ನನ್ನು ಅಡುಗೆಮನೆಗೆ ಬಿಡಲಿಲ್ಲ.

ಮೆತ್ತುವಾಗ ಅವಳು ಕರಣಿ ಮುಟ್ಟಲಿಲ್ಲ. ಬರಿಗೈ. ಒಂದು ಮುದ್ದೆ ಎಸೆದು, ಅಂಗೈಯಿಂದ ಕಮಾನಾಗಿ ಎಳೆಯುತ್ತಿದ್ದಳು. ನಾನು ನೋಡುತ್ತ ನಿಂತದ್ದು ಕಂಡು, "ಕಾಕಾ, ಖಿಡಕಿ ಕೆಳಗಿಂದು ನಿಮ್ಮದು" ಎಂದಳು.

"ನನಗ ಬರೂದಿಲ್ಲವಾ. ಖರೇನ ಹೇಳ್ತೀನಿ. ನಾ ಎಂದೂ ಏನೂ ಮಾಡಿಲ್ಲ. ಬರೇ ಹೇಳೀನಿ."

"ಗೊತ್ತೈತ್ರಿ" ಎಂದಳು, "ನೀವ ಗುದ್ದಲಿ ಹಿಡದದ್ದ ನೋಡಿದಾಗ ಗೊತ್ತಾತು. ಮಾಡ್ರಿ."

ಕಿಟಕಿಯ ಕೆಳಗೆ ಕೂತು ಮುದ್ದೆ ಎಸೆದೆ. ಅರ್ಧ ನನ್ನ ಮೊಣಕಾಲ ಮೇಲೆ ಬಿತ್ತು. ಮತ್ತೆ ಎಸೆದೆ. ಹಿಂದೆ ಮಶೀನಿನ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ಸಂಜೆಯವರೆಗೆ ಎರಡು ಮೊಳ ಉದ್ದದ ಒಂದು ತುಂಡು ಮೆತ್ತಿದೆ. ತಿಪ್ಪೆಯ ಮೇಲೆ ಕೋಳಿ ಕೆದರಿದಂತೆ ಕಾಣುತ್ತಿತ್ತು, ನಿಜ ಹೇಳಬೇಕೆಂದರೆ.

ಕಂಬ ತೆಗೆಯುವ ದಿನ ಎಲ್ಲರನ್ನೂ ಹೊರಗೆ ಕಳಿಸಿದಳು. ನಾನು ಹೋಗಲಿಲ್ಲ. ಬೈದಳು, ಆದರೂ ಹೋಗಲಿಲ್ಲ. ದಾರವನ್ನು ಹೊಸದಾಗಿ ಇಳಿಬಿಟ್ಟಾಗಿತ್ತು. ಮೇಲೆ ನಾಲ್ಕು ಬೆರಳು, ಕೆಳಗೆ ನಾಲ್ಕು ಬೆರಳು. ಸುತ್ತಿಗೆಯಿಂದ ಮೊದಲ ಬೆಣೆ ಹೊಡೆದಳು, ಬೊಂಬು ಜಾರಿ ಬಿತ್ತು. ಎರಡನೆಯದು ಬಿತ್ತು. ಹಲಗೆ ತೆಗೆದಳು. ತೊಲೆಯ ಕೆಳಗಿನ ಕಂಬಗಳನ್ನು ಒಂದೊಂದಾಗಿ ಬಿಡಿಸಿದಳು. ಮೇಲೆ ಹಂಚು ಒಮ್ಮೆ ಕಿರ್ರೆಂದಿತು. ಅವಳು ದಾರಕ್ಕೂ ಗೋಡೆಗೂ ನಡುವೆ ಕೈ ಇಟ್ಟಳು. ನಾಲ್ಕು ಬೆರಳು ಸರಿಯಾಗಿ ಕೂತವು. ಆಮೇಲೆ ಅವಳು ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡು ಅತ್ತಳು. ಅಷ್ಟೂ ತಿಂಗಳಲ್ಲಿ ಅವಳು ಅತ್ತದ್ದು ನಾನು ಕಂಡದ್ದು ಅದೊಂದೇ ಸಲ. ನಾನೂ ಅತ್ತೆ, ಅದನ್ನು ಬರೆಯಲು ನನಗೆ ನಾಚಿಕೆಯಿಲ್ಲ.

ಆ ಮಾರ್ಚಿಗೆ ನಾನು ಕೆಲಸ ಬಿಟ್ಟೆ. ಬಿಡುವ ಮೊದಲಿನ ನಾಲ್ಕು ತಿಂಗಳು ಗೋಡೆಯ ಫೋಟೋ ಬಂದಾಗಲೆಲ್ಲ ನಾನು ಕೇಳುತ್ತಿದ್ದ ಮೊದಲ ಮಾತು, "ಒಳಗ ಏನೈತಿ?" ಮಣ್ಣು ಎಂದವರಿಗೆ, "ನನಗ ಗೊತ್ತಿಲ್ರಿ, ಗೊತ್ತಿದ್ದವರು ಖಾನಾಪುರದಾಗ ಅದಾರ" ಎಂದು ಹೇಳಿ, ಸುನಂದಾಳ ಒಪ್ಪಿಗೆಯಿಂದ ಅವಳ ನಂಬರ್ ಕೊಡುತ್ತಿದ್ದೆ. ಗೊತ್ತಿಲ್ಲ ಎನ್ನಲು ಮೊದಮೊದಲು ನಾಲಗೆ ತೊಡರುತ್ತಿತ್ತು. ಹೊಸಬರೇ, ಆ ಮಾತನ್ನು ನನ್ನ ಹಾಗೆ ಮೂವತ್ತು ವರ್ಷ ಕಾದು ಕಲಿಯಬೇಡಿ.

ಮುಂದಿನ ಜುಲೈಯಲ್ಲಿ ಮಳೆ ಹಿಡಿದು ಹದಿನೈದು ದಿನವಾಗಿತ್ತು. ಫೋನ್ ಇಲ್ಲ. ನಾನೇ ಮಾಡಬಹುದಿತ್ತು, ಮಾಡಲಿಲ್ಲ. ಬಸ್ಸು ಹತ್ತಿ ಹೋದೆ.

ನಾಲ್ಕೂ ಯಂತ್ರಗಳು ಮುಂದಿನ ಕೋಣೆಗೆ ಮರಳಿದ್ದವು, ಸದ್ದು ಹೊರಗಿನವರೆಗೆ ಕೇಳುತ್ತಿತ್ತು. ಗೋಡೆ ಕೆಂಪಗೆ, ಒಣಗಿ ನಿಂತಿತ್ತು, ಅವಳ ಅಂಗೈಯ ಕಮಾನುಗಳು ಒಂದರ ಮೇಲೊಂದು ಸೂರಿನವರೆಗೂ ಏರಿದ್ದವು. ಎಷ್ಟು ಹೊತ್ತು ನೋಡಿದರೂ ನನಗೆ ಸಾಲಲಿಲ್ಲ. ಆಮೇಲೆ ಕಿಟಕಿಯ ಕೆಳಗೆ ಕಣ್ಣು ಹೋಯಿತು. ಗಂಟು ಗಂಟು, ಬೆರಳಿನ ಬರೆ, ನಡುವೆ ಒಂದು ಕೂದಲೆಳೆಯ ಬಿರುಕು. ಇಷ್ಟು ಚೆಂದದ ಗೋಡೆಯಲ್ಲಿ ಅದೊಂದು ಕಣ್ಣಿಗೆ ಚುಚ್ಚುತ್ತಿತ್ತು.

"ಮಳಿ ಹೋದ ಮ್ಯಾಲೆ ಅದನ್ನ ಕೆರದ ಚಂದಾಗಿ ಮೆತ್ತವಾ. ನಾನ ಕೆರದ ಕೊಡ್ತೀನಿ" ಎಂದೆ.

ಸುನಂದಾ ಬಾಯಲ್ಲಿ ಕಚ್ಚಿಕೊಂಡಿದ್ದ ಟಾಚಣಿ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಅದನ್ನ ಮುಟ್ಟಬ್ಯಾಡ್ರಿ ಕಾಕಾ. ಇಡೀ ಗ್ವಾಡ್ಯಾಗ ನನಗ ಅಂಜಿಕಿ ಇದ್ದದ್ದ ಅದೊಂದರದ. ದಿನಾ ಮುಂಜಾನೆ ಎದ್ದ ಕೂಡಲೆ ಮೊದಲ ಅಲ್ಲೇ ಕೈ ಇಟ್ಟ ನೋಡ್ತೀನಿ, ಅದ ಒಣಗಿದ್ರ ಉಳದದ್ದೆಲ್ಲಾ ಒಣಗಿದಂಗ. ನೀವ ಬರ್ರಿ, ಇಟ್ಟ ನೋಡ್ರಿ."

ಹೊರಗೆ ಮಳೆ ಜಡಿಯುತ್ತಿತ್ತು. ನಾನು ಕುಕ್ಕರುಗಾಲಲ್ಲಿ ಕೂತು, ಕಿಟಕಿಯ ಕೆಳಗೆ ನನ್ನ ಕೈ ಮೆತ್ತಿದ್ದ ಮಣ್ಣಿನ ಮೇಲೆ ಅಂಗೈ ಇಟ್ಟೆ. ಒಣಗಿತ್ತು.